ಹೊಸ ಬಾಗಿಲೂ ಹಳೆಯ ಹೊಸಿಲೂ

ಮನೆಯ ಮುಂಬಾಗಿಲನ್ನು ದಿನಕ್ಕೆ ಹತ್ತಾರು ಸಲ ದಾಟುವ ಗೃಹಸ್ಥರು ಅದನ್ನು ಕಣ್ಣಿಟ್ಟು ನೋಡುವುದು ಅಪರೂಪ. ನಾವೂ ಅಂಥವರೇ. ಶಿವಮೊಗ್ಗೆಯ ನಮ್ಮ ಮನೆಯಲ್ಲಿ ಹಲಸಿನ ದಾರಂದವನ್ನು ಗೆದ್ದಲು ಬುಡದಿಂದ ತಿನ್ನುತ್ತ ಬಂದು, ಮೇಲಿನ ಬಣ್ಣವೊಂದನ್ನು ಮಾತ್ರ ನಮಗಾಗಿ ಉಳಿಸಿದ್ದಿತು. ಇದು ತಿಳಿದುಬಂದದ್ದು 2022ರ ಬೇಸಗೆಯಲ್ಲಿ, ನಮ್ಮ ತಾಯಿಯವರು 5 ಅಂಗುಲ ಎತ್ತರದ ಹೊಸಿಲನ್ನು ಎಡವಿ ದಾರಂದವನ್ನು ಹಿಡಿಯಹೋದಾಗ. ಹಿಡಿದ ಮರ ಪುಡಿಯಾಗಿ ಕೈಗೆ ಬಂದಿತು. ಮುಂಗೈಯ ಮೂಳೆ ಮುರಿಯಿತು.

ಈಗ ಪೇಟೆಯಲ್ಲಿ ದಾರಂದ, ಕದ, ಕೀಲು ಎಲ್ಲವನ್ನೂ ಕೂಡಿಸಿ ಸಿದ್ಧಪಡಿಸಿದ ಬಾಗಿಲುಗಳು ದೊರೆಯುತ್ತವೆ. ಕದವನ್ನು ದಾರಂದಕ್ಕೆ ಹೊಂದಿಸುವ ಸೂಕ್ಷ್ಮದ ಕೆಲಸ ಮೊದಲೇ ಮುಗಿದಿರುವುದರಿಂದ, ಗೋಡೆಯ ತೆರಪಿನಲ್ಲಿ ನಿಲ್ಲಿಸಿದರೆ ಆಯಿತೆಂದು ಅಂಗಡಿಯವರು ಹೇಳಿದರು. 42 ಅಂಗುಲ ಅಗಲದ, 84 ಅಂಗುಲ ಎತ್ತರದ ತೇಗದ ಬಾಗಿಲೊಂದನ್ನು ಕೊಂಡೆವು. ಪಕ್ಕಕ್ಕೆ ಎರಡು ನಿಲುವು, ಮೇಲೊಂದು ಅಡ್ಡಮರ, ಕೆಳಗೆ ಹೊಸಿಲಿಲ್ಲ. ನಮಗೆ ಬೇಕಾಗಿದ್ದುದೂ ಅದೇ.

ತಾಯಿಯವರು ಅದನ್ನು ನೋಡಿ, "ಹೊಸಿಲಿಲ್ಲದ್ದು ಮನೆಯೋ, ಛತ್ರವೋ? ಶುಕ್ರವಾರ ಅರಿಸಿನ ಕುಂಕುಮ ಎಲ್ಲಿಗೆ ಹಚ್ಚಲಪ್ಪ?" ಎಂದರು.

"ಎಡವಿ ಬಿದ್ದವಳು ನೀನೇ ಅಲ್ಲವೇನಮ್ಮ?"

"ಬಿದ್ದವಳು ನಾನು. ಹೊಸಿಲೇನು ಮಾಡಿತು?"

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಷಾಢದಲ್ಲಿ ಬಾಗಿಲು ನಿಲ್ಲಿಸಕೂಡದೆಂದು ಅವರು ಹೇಳಿದ್ದಕ್ಕೂ ಇರಲಿಲ್ಲ. ಆದಕಾರಣ ಮಲೆನಾಡಿನ ಮಳೆ ಹೊರಗೆ ಸುರಿಯುತ್ತಿರಲು, ತೇಗದ ಬಾಗಿಲು ಒಂದು ತಿಂಗಳು ಪಡಸಾಲೆಯ ಗೋಡೆಗೊರಗಿ ನಿಂತಿತು. ಅದರ ಮುಖಕ್ಕೆಲ್ಲ ವಾರ್ನಿಷು ಬಳಿದಿದ್ದರೂ ಕದದ ಅಡಿಯ ಅಂಚು ಬರಿಮರವಾಗಿಯೇ ಇತ್ತು. ಕಾಣದ ಆ ಅಂಚಿನಿಂದಲೇ ಮರವು ತೇವವನ್ನು ಕುಡಿಯುತ್ತದೆಂಬುದು ಆಗ ನಮಗೆ ಹೊಳೆಯಲಿಲ್ಲ.

ಶ್ರಾವಣ ಬಂದಿತು. ಬಡಗಿಯೂ ಗಾರೆಯವನೂ ಬಂದು ಮಧ್ಯಾಹ್ನದೊಳಗೆ ಹಳೆಯ ಬಾಗಿಲನ್ನು ಕಿತ್ತರು. ಹೊಸದನ್ನು ಎತ್ತಿ ನಿಲ್ಲಿಸಿದರೆ ಅದು ಒಳಗೇ ಹೋಗಲೊಲ್ಲದು! ನಾವು ತೆರಪಿನ ಅಗಲವನ್ನು ಸೊಂಟದ ಎತ್ತರದಲ್ಲಿ ಒಮ್ಮೆ ಅಳೆದು, 43 ಅಂಗುಲವೆಂದು ಬರೆದುಕೊಂಡು ಅಂಗಡಿಗೆ ಹೋಗಿದ್ದೆವು. ಮೇಲ್ಗಡೆ ಅದು ನಾಲ್ವತ್ತೊಂದೂವರೆಯೇ ಇದ್ದಿತು. ಹಳೆಯ ಮಣ್ಣುಗಾರೆಯ ಗೋಡೆ ಅಷ್ಟು ಓರೆ. ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರೆಡೆ ಅಳೆಯಬೇಕು. ಎತ್ತರವನ್ನು ಎರಡು ಪಕ್ಕದಲ್ಲಿಯೂ, ಜೊತೆಗೆ ಮೂಲೆಯಿಂದ ಮೂಲೆಗೂ ಅಳೆಯಬೇಕು. ಇದನ್ನು ಬಡಗಿ ನಮಗೆ ಹೇಳಿದ್ದು ಗೋಡೆ ಒಡೆಯುತ್ತ. ಅಷ್ಟರಲ್ಲಿ ಕತ್ತಲಾಯಿತು.

ಆ ರಾತ್ರಿ ಮನೆಗೆ ಬಾಗಿಲಿರಲಿಲ್ಲ. ತೆರಪಿಗೆ ತಾಡಪಾಲು ಕಟ್ಟಿ ಪಡಸಾಲೆಯಲ್ಲಿ ಹಾಸಿಗೆ ಹಾಕಿಕೊಂಡೆವು. ಗಾಳಿ ಬಂದಾಗಲೆಲ್ಲ ಅದು ಉಬ್ಬಿ ಬಡಿಯುವುದು. ಬೀದಿಯ ನಾಯಿಯೊಂದು ಅಡಿಯಿಂದ ನುಸುಳಿ ಒಳಬಂದು, ನಮ್ಮನ್ನು ಕಂಡು ಸಂಕೋಚದಿಂದೆಂಬಂತೆ ಮೂಲೆಯಲ್ಲಿ ಮಲಗಿತು. ನಾವು ಅದನ್ನು ಅಟ್ಟಲು ಏಳುವಷ್ಟರಲ್ಲಿ ತಾಯಿಯವರು, "ಇರಲಿ ಬಿಡು, ಬಾಗಿಲಿಲ್ಲದ ದಿನ ಕಾವಲಿಗಾಯಿತು" ಎಂದರು. ಕತ್ತಲಲ್ಲಿ ಅವರು ಮತ್ತೆ ಮಾತೆತ್ತಿದರು. ನಮ್ಮ ತಂದೆಯವರ ಕೈಹಿಡಿದು ಅವರು ಸೇರಕ್ಕಿಯನ್ನು ಒದ್ದು ಒಳಬಂದದ್ದು ಆ ಹೊಸಿಲಿನ ಮೇಲಿಂದ. ಇದನ್ನು ಅವರು ಹಿಂದೆ ಎಂದೂ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ.

ಮರುದಿನ ಬಡಗಿ ಕೀಲಿರುವ ಪಕ್ಕವನ್ನೇ ಮೊದಲು ಹಿಡಿದನು. ತೂಗುಗುಂಡು ಬಿಟ್ಟು ನೋಡಿ, ಪ್ರತಿಯೊಂದು ಕೀಲಿನ ಹಿಂದೆಯೂ ಎರಡೆರಡು ಬೆಣೆಗಳನ್ನು ಎದುರುಬದುರಾಗಿ ಸೇರಿಸಿ ನಿಲುವನ್ನು ನೆಟ್ಟಗೆ ಮಾಡಿದನು. ಗೋಡೆಗೂ ದಾರಂದಕ್ಕೂ ನಡುವೆ ಕೆಳಗಡೆ ಹೆಚ್ಚು ಸಂದು ಕಾಣುತ್ತಿದ್ದುದರಿಂದ, ಸ್ವಲ್ಪ ಓರೆ ಮಾಡಿದರೆ ಚೆಂದವಲ್ಲವೇ ಎಂದೆವು. "ಗೋಡೆ ನೋಡಬೇಡಿ ಸ್ವಾಮಿ, ಗುಂಡು ನೋಡಿ. ಈಗ ಓರೆಯಾದರೆ ಕದ ತಾನಾಗಿ ತೆರೆದುಕೊಳ್ಳುತ್ತದೆ" ಎಂದನು. ಕದದ ಸುತ್ತ ಒಂದು ದಪ್ಪ ರಟ್ಟಿನಷ್ಟು ಸಂದು ಎಲ್ಲೆಡೆಯೂ ಸಮನಾಗಿರುವಂತೆ ರಟ್ಟಿನ ತುಂಡುಗಳನ್ನೇ ಸಿಕ್ಕಿಸಿ, ಕದವನ್ನು ಮುಚ್ಚಿಟ್ಟು, ಆಮೇಲೆ ದಾರಂದವನ್ನು ಗೋಡೆಗೆ ಬಿಗಿದರು. ಹೊರಗಿನ ಸಂದಿಗೆ ಗಾರೆ ತುಂಬಿ ಪಟ್ಟಿ ಹೊಡೆದ ಮೇಲೆ ಗೋಡೆಯ ಓರೆ ಯಾರಿಗೂ ಕಾಣಲಿಲ್ಲ.

ಹಳೆಯ ಹೊಸಿಲನ್ನು ಅಷ್ಟರಲ್ಲಿ ಸೌದೆಯ ರಾಶಿಗೆ ಎಸೆದಿದ್ದರು. ಅದನ್ನು ನಾವೇ ಹೋಗಿ ತಂದೆವು. ಎರಡು ತುದಿಗಳು ಗೆದ್ದಲಿಗೆ ಹೋಗಿದ್ದರೂ ನಡುವಿನ ಮೂರಡಿ ಗಟ್ಟಿಯಾಗಿಯೇ ಇದ್ದಿತು. ಅಷ್ಟನ್ನು ಕೊಯ್ದು, ಗೆದ್ದಲಿನ ಔಷಧ ಕುಡಿಸಿ, ನೆಲಕ್ಕೆ ಸಮನಾಗಿ ಹೂಳಬಹುದೇ ಎಂದು ಕೇಳಿದೆವು. ಬಡಗಿ ನಗುತ್ತ ಒಪ್ಪಿದನು. ಸಂಜೆ ತಾಯಿಯವರು ಅದರ ಮೇಲೆ ಮೊದಲು ಊರುಗೋಲನ್ನು ಎಳೆದು ನೋಡಿದರು. ಕೋಲು ಎಲ್ಲಿಯೂ ತಡೆಯಲಿಲ್ಲ. ಬಳಿಕ ಮಣೆಯ ಮೇಲೆ ಕುಳಿತು, ಬಾಗಿ, ನೆಟ್ಟಗಾಗದ ಕೈಯಿಂದಲೇ ಅರಿಸಿನ ಹಚ್ಚಿ, "ಕಾಲಿಗೆ ಸಿಕ್ಕದಿದ್ದರೇನು, ಕೈಗೆ ಸಿಕ್ಕಿತು" ಎಂದರು.

ಆಷಾಢದಲ್ಲಿ ಕುಡಿದ ತೇವ ಮಾತ್ರ ತನ್ನ ಕೆಲಸ ಮಾಡಿತು. ವಾರದೊಳಗೆ ಕದ ಉಬ್ಬಿ ಚಿಲಕದ ಕಡೆ ಹಿಡಿಯತೊಡಗಿತು. ಉಜ್ಜಿ ಸವೆಸು ಎಂದರೆ ಬಡಗಿ ಒಪ್ಪಲಿಲ್ಲ. ಮಳೆಗಾಲದಲ್ಲಿ ಸವೆಸಿದ ಬಾಗಿಲು ಬೇಸಗೆಯಲ್ಲಿ ಸಂದು ಬಿಡುವುದಂತೆ. ಬಿಸಿಲು ಬಂದು ಮರ ಒಣಗಿದಾಗ ಅಡಿಯ ಅಂಚಿಗೆ ಎರಡು ಸಲ ವಾರ್ನಿಷು ಬಳಿದು ಹೋದನು. ಅಲ್ಲಿಯವರೆಗೆ ನಾವೆಲ್ಲರೂ ಹೆಗಲು ಕೊಟ್ಟು ಬಾಗಿಲು ತೆರೆದೆವು. ತಾಯಿಯವರು ಊರುಗೋಲಿನಿಂದ ಒಮ್ಮೆ ಕುಟ್ಟಿ, ಒಳಗಿನಿಂದ ಯಾರಾದರೂ ಬರುವವರೆಗೆ ಹೊಸಿಲಿನ ಮೇಲೆ ನಿಂತಿರುತ್ತಿದ್ದರು.