ದೀಪದ ಗೂಡಿನ ಮಸಿ
ಅರಕಲಗೂಡಿನ ನಮ್ಮ ತೊಟ್ಟಿಮನೆಯನ್ನು ಕೆಡವುವ ಮುನ್ನ, ಹಾಸನದಲ್ಲಿ ಓದುವ ಮೊಮ್ಮಗ ಅದರ ಗೋಡೆ, ಕಂಬ, ನಾಡಹೆಂಚುಗಳ ಛಾಯಾಚಿತ್ರ ತೆಗೆದುಕೊಂಡನು. 2011ರಲ್ಲಿ ಪೂರ್ಣರೂಪದಲ್ಲಿ ಹೊರಬಂದ ಮೈನ್‌ಕ್ರಾಫ್ಟ್ ಎಂಬ ಗಣಕಯಂತ್ರದ ಆಟದಲ್ಲಿ ಲೋಕವೆಲ್ಲ ಚೌಕದ ಕಲ್ಲುಗಳೇ. ಒಂದೊಂದು ಮುಖದ ಚಿತ್ರಕ್ಕೆ ಅಡ್ಡ 16, ಉದ್ದ 16 ಚುಕ್ಕಿಗಳು ಮಾತ್ರ. ಅವನು ಅದನ್ನು 128ಕ್ಕೆ ಏರಿಸಿದನು. ಚುಕ್ಕಿಗಳು 64 ಪಟ್ಟಾದವು.

ಗೋಡೆಯ ತುಂಬ ಅದೇ ಚಿತ್ರ ಮರುಕಳಿಸುವುದರಿಂದ ಅಂಚಿಗೆ ಅಂಚು ಕೂಡಬೇಕು. ಒಂದು ಕಲೆಯಿದ್ದರೂ ಸಾಲುಗಟ್ಟಿ ಕಾಣುತ್ತದೆ. ಆದ್ದರಿಂದ ದೀಪದ ಗೂಡಿನ ಮಸಿಯನ್ನು ಅಳಿಸಿಬಿಟ್ಟಿದ್ದನು. ಅದು ನಮ್ಮ ತಾಯಿಯವರು ಹಚ್ಚುತ್ತಿದ್ದ ದೀಪದ ಮಸಿ. ನಾವು ಸುಮ್ಮನಿರಲಾಗದೆ ಹೇಳಿಬಿಟ್ಟೆವು.

ಮರುದಿನ, ತಾನು ಬಳಸದಿದ್ದ ಮತ್ತೊಂದು ಕಲ್ಲಿಗೆ ಮಸಿಯ ಚಿತ್ರ ಹೊದಿಸಿ, ದೇವರಮನೆಯ ಪಕ್ಕದಲ್ಲಿ ಒಂದನ್ನೇ ಒಂದನ್ನು ಇಟ್ಟು, “ಇಲ್ಲೇ ಅಲ್ಲವೇ ತಾತ?” ಎಂದನು. ಒಂದು ಕಲ್ಲು ಎಡಕ್ಕೆ ಸರಿಸಲು ಹೇಳಿದೆವು.