ಪರದೇಶದಲ್ಲಿ ಒಂದು ಸೆಮಿಸ್ಟರ್



ಹೆಣ್ಣುಮಗಳು ಓದಲು ಯೂರೋಪಿಗೆ ಹೊರಟಿದ್ದಾಳೆ ಎಂದರೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಕೆಲವರು ‘ಅಷ್ಟು ದೂರ ಕಳಿಸುವುದೇ?’ ಎಂದು ಮೂಗಿನ ಮೇಲೆ ಬೆರಳಿಡುತ್ತಾರೆ. ಇನ್ನು ಕೆಲವರು ಅಲ್ಲಿಗೆ ಹೋದರೆ ಸಾಕು, ಬಾಳು ಬಂಗಾರವಾಯಿತು ಎಂದುಕೊಳ್ಳುತ್ತಾರೆ. ಈ ಹೆದರಿಕೆ ಮತ್ತು ಹಿಗ್ಗಿನ ನಡುವೆ ನಿಜವಾಗಿ ವಿಚಾರಿಸಬೇಕಾದ ಸಂಗತಿಗಳು ಹಾಗೆಯೇ ಉಳಿದುಬಿಡುತ್ತವೆ. ಅವುಗಳ ಬಗ್ಗೆ ನಿಮ್ಮೊಡನೆ ನಾಲ್ಕು ಮಾತು ಹಂಚಿಕೊಳ್ಳಬೇಕೆನಿಸಿತು.

ನಮ್ಮ ಬಾಗಲಗುಂಟೆಯಲ್ಲಿ ಪೀಣ್ಯದ ಕಾರ್ಖಾನೆಗಳನ್ನು ನಂಬಿ ಬದುಕುವ ಮನೆಗಳು ಬಹಳ. ಹಾಗೆ ಲೇತ್ ಮೆಷಿನ್ ಮೇಲೆ ದುಡಿಯುವ ಒಬ್ಬರ ಮಗಳು ಚಿಕ್ಕಂದಿನಲ್ಲಿ ನನ್ನ ಬಳಿ ಕುರ್‌ಆನ್ ಕಲಿತವಳು. 2022ರಲ್ಲಿ ರಾಜ್ಯದಲ್ಲಿ ಹಿಜಾಬ್ ವಿವಾದ ಎದ್ದಾಗ ಅವಳು ದ್ವಿತೀಯ ಪಿಯುಸಿಯಲ್ಲಿದ್ದಳು. ಆ ಗದ್ದಲದ ನಡುವೆಯೂ ಓದು ಬಿಡದೆ ಇಂಜಿನಿಯರಿಂಗ್ ಸೇರಿದಳು. ಮೂರನೇ ವರ್ಷಕ್ಕೆ ಬರುವಾಗ ಅವಳ ಕಾಲೇಜಿನಿಂದ ನಾಲ್ವರು ಹುಡುಗಿಯರು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಒಂದು ಸೆಮಿಸ್ಟರ್ ಓದಲು ಆಯ್ಕೆಯಾದರು. ಅವರಲ್ಲಿ ಇವಳೂ ಒಬ್ಬಳು.

ಅವಳ ತಾಯಿ ಮಗ್ರಿಬ್ ನಮಾಝ್ ಮುಗಿಸಿ ನಮ್ಮ ಮನೆಗೆ ಬಂದರು. “ಆಪಾ, ಒಳ್ಳೆಯ ಸಂಬಂಧ ಬಂದಿದೆ. ಇವಳು ನೋಡಿದರೆ ಜರ್ಮನಿ ಅಂತಾಳೆ. ನೀವು ಬೇಡ ಅಂದರೆ ಕಳಿಸೋದಿಲ್ಲ” ಎಂದರು. ಒಂದು ಹುಡುಗಿಯ ಓದನ್ನು ನನ್ನ ಒಂದು ಮಾತಿಗೆ ಕಟ್ಟಿಬಿಡುವುದು ನನಗೆ ಸರಿ ಕಾಣಲಿಲ್ಲ. “ನಾನು ಹೂಂ ಅನ್ನೋದೂ ಬೇಡ, ಉಹೂಂ ಅನ್ನೋದೂ ಬೇಡ. ಮೊದಲು ಎಲ್ಲ ವಿಚಾರಿಸೋಣ” ಎಂದೆ.

ಮೊದಲನೆಯದು ಪ್ರಯಾಣದ ಪ್ರಶ್ನೆ. ಮಹ್ರಮ್ ಜೊತೆಗಿಲ್ಲದೆ ಹೆಣ್ಣು ದೂರ ಪ್ರಯಾಣ ಮಾಡುವ ವಿಷಯದಲ್ಲಿ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಕೆಲವರು ಖಂಡಿತ ಕೂಡದು ಎನ್ನುತ್ತಾರೆ. ದಾರಿಯ ಸುರಕ್ಷತೆಯೇ ಇಲ್ಲಿ ಮುಖ್ಯ, ನಂಬಿಕಸ್ಥ ಹೆಂಗಸರ ಜೊತೆಯಿದ್ದರೆ ಸಾಕು ಎನ್ನುವವರೂ ಇದ್ದಾರೆ. ಒಬ್ಬ ಮಹಿಳೆ ಅಲ್ಲಾಹನ ಹೊರತು ಯಾರಿಗೂ ಅಂಜದೆ ಹೀರಾದಿಂದ ಕಅಬಾದವರೆಗೆ ಪ್ರಯಾಣ ಮಾಡುವ ಕಾಲ ಬರುವುದೆಂದು ಪ್ರವಾದಿ(ಸ)ರವರು ಅದೀ ಬಿನ್ ಹಾತಿಮ್(ರ)ರಿಗೆ ತಿಳಿಸಿದ ಹದೀಸನ್ನು ಇವರು ಮುಂದಿಡುತ್ತಾರೆ. ಹುಡುಗಿಯ ತಂದೆ ತಮ್ಮ ಮಸೀದಿಯ ಮೌಲಾನಾರನ್ನು ಕೇಳಿದರು. ನಾಲ್ವರೂ ಒಂದೇ ವಿಮಾನದಲ್ಲಿ ಹೋಗುವುದು, ಹಾಸ್ಟೆಲಿನಲ್ಲಿ ಒಂದೇ ಮಹಡಿಯಲ್ಲಿ ಇರುವುದು ತಿಳಿದ ಮೇಲೆ ಅವರು ಒಪ್ಪಿದರು. ನಿಮ್ಮ ಮನೆಯಲ್ಲಿ ಇಂಥ ಸಂದರ್ಭ ಬಂದರೆ ನೆರೆಹೊರೆಯವರ ಮಾತಿಗಿಂತ ಬಲ್ಲವರನ್ನು ಕೇಳಿ ತೀರ್ಮಾನಿಸುವುದು ಒಳ್ಳೆಯದು.

ಎರಡನೆಯದು ಹಣ. ಕಾಲೇಜುಗಳ ನಡುವಿನ ಒಪ್ಪಂದದ ಮೇಲೆ ಹೋದ ಕಾರಣ ಅವಳು ಇಲ್ಲಿನ ಫೀಸನ್ನು ಇಲ್ಲಿಯೇ ಕಟ್ಟಿದರೆ ಸಾಕಿತ್ತು, ಅಲ್ಲಿ ಬೋಧನಾ ಶುಲ್ಕವಿರಲಿಲ್ಲ. ಆದರೆ ತೊಂಬತ್ತು ದಿನಕ್ಕಿಂತ ಹೆಚ್ಚು ಇರುವವರಿಗೆ ಪ್ರವಾಸಿಗರ ಷೆಂಗೆನ್ ವೀಸಾ ನಡೆಯುವುದಿಲ್ಲ. ಆ ದೇಶದ್ದೇ ದೀರ್ಘಾವಧಿ ವೀಸಾ ಬೇಕು. ಅದಕ್ಕೆ ಖರ್ಚಿನ ಹಣ ನಮ್ಮಲ್ಲಿದೆ ಎಂದು ತೋರಿಸಬೇಕು. 2025ರಲ್ಲಿ ಜರ್ಮನಿ ಕೇಳುತ್ತಿದ್ದುದು ತಿಂಗಳಿಗೆ 992 ಯೂರೋ. ಆರು ತಿಂಗಳಿಗೆ 5,952 ಯೂರೋ ಆಯಿತು. ನಮ್ಮ ಲೆಕ್ಕದಲ್ಲಿ ಐದು ಲಕ್ಷ ರೂಪಾಯಿಗೂ ಮೇಲೆ. ಇದನ್ನು ಬ್ಲಾಕ್ಡ್ ಅಕೌಂಟ್ ಎಂಬ ಖಾತೆಯಲ್ಲಿ ಇಟ್ಟರೆ ಅಲ್ಲಿಗೆ ಹೋದ ಮೇಲೆ ಪ್ರತಿ ತಿಂಗಳೂ ಇಷ್ಟಿಷ್ಟೆಂದು ಕೈಗೆ ಬರುತ್ತದೆ. ಹಣ ನಮ್ಮದೇ, ಆದರೆ ಮೊದಲೇ ಹೊಂದಿಸಬೇಕು. ಬಡ್ಡಿಯ ಸಾಲ ಬೇಡವೆಂದು ತಂದೆ ಪಟ್ಟು ಹಿಡಿದರು. ತಾಯಿಯ ಬಳೆಗಳು ಹೋದವು, ಇಬ್ಬರು ಚಿಕ್ಕಪ್ಪಂದಿರು ಕರ್ಝೆ ಹಸನ ಕೊಟ್ಟರು. ಅಲ್ಪಸಂಖ್ಯಾತ ವಿದ್ಯಾರ್ಥಿಗಳ ಸಾಲದ ಬಡ್ಡಿಗೆ ನೆರವಾಗುತ್ತಿದ್ದ ಕೇಂದ್ರದ ‘ಪಢೋ ಪರದೇಶ್’ ಯೋಜನೆಯ ಹೆಸರನ್ನು ಈಗಲೂ ಕೆಲವರು ಹೇಳುವುದುಂಟು. ಅದು 2022-23ರಿಂದಲೇ ನಿಂತುಹೋಗಿದೆ. ಇದ್ದಾಗಲೂ ಅದು ಸ್ನಾತಕೋತ್ತರ ಮತ್ತು ಸಂಶೋಧನಾ ವಿದ್ಯಾರ್ಥಿಗಳಿಗೆ ಮಾತ್ರ ಇತ್ತು.

ಸಹೋದರಿಯರೇ, ಇದೇನೂ ನಮ್ಮ ಕಾಲದ ಹೊಸ ಪ್ರಶ್ನೆಯಲ್ಲ. 1906ರಲ್ಲಿ ಮುಂಬಯಿಯ ಅತಿಯಾ ಫೈಝೀ ಎಂಬ ಮುಸ್ಲಿಮ್ ತರುಣಿ ಸರಕಾರದ ವಿದ್ಯಾರ್ಥಿವೇತನ ಪಡೆದು ಲಂಡನ್ನಿನಲ್ಲಿ ಶಿಕ್ಷಕಿಯರ ತರಬೇತಿಗೆ ಸೇರಿದರು. ಅಲ್ಲಿ ಕಂಡದ್ದನ್ನೆಲ್ಲ ದಿನಚರಿಯಾಗಿ ಬರೆದು ಕಳಿಸುತ್ತಿದ್ದರು. ಅದು ಪ್ರಕಟವಾದದ್ದು ಲಾಹೋರಿನ ‘ತಹ್‌ಝೀಬೆ ನಿಸ್ವಾನ್’ ಎಂಬ ಉರ್ದು ಮಹಿಳಾ ಪತ್ರಿಕೆಯಲ್ಲಿ. ನಾವು ಈಗ ಈ ಪುಟವನ್ನು ಓದುತ್ತಿರುವಂತೆಯೇ ಅಂದಿನ ಹೆಂಗಸರು ಮನೆಯಲ್ಲಿ ಕುಳಿತು ಅದನ್ನು ಓದಿದರು. ಅನಾರೋಗ್ಯದಿಂದ ಅವರು ತರಬೇತಿ ಮುಗಿಸಲಾಗದೆ ಮರುವರ್ಷ ಹಿಂತಿರುಗಿದರು. ಆದರೂ ಆ ಬರಹಗಳು 1921ರಲ್ಲಿ ಪುಸ್ತಕವಾಗಿ ಬಂದವು. ಈ ಸಂಗತಿಯನ್ನು ನಾನು ಹುಡುಗಿಯ ತಾಯಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: “ಅವರ ಅಮ್ಮಿ ಹೇಗೆ ಧೈರ್ಯ ಮಾಡಿದರೋ!”

ಸಂಬಂಧ ಕೇಳಿ ಬಂದವರು ಕಾಯಲು ಒಪ್ಪಲಿಲ್ಲ. ತಂದೆ ‘ಅಲ್ಲಾಹನು ಬೇರೆ ತೋರಿಸುತ್ತಾನೆ’ ಎಂದು ಸುಮ್ಮನಾದರು. 2025ರ ಮಾರ್ಚ್ ಮೊದಲ ವಾರ, ರಮಝಾನ್ ನಡೆಯುತ್ತಿರುವಾಗಲೇ ಹುಡುಗಿ ಹೊರಟಳು.

ತಾಯಿ ಹೆದರಿದ್ದು ಮೂರು ವಿಷಯಕ್ಕೆ: ಊಟ, ಉಡುಪು, ನಮಾಝ್. ಊಟದ ಚಿಂತೆ ಮೊದಲ ವಾರದಲ್ಲೇ ಕಳೆಯಿತು. 1961ರ ಒಪ್ಪಂದದ ಮೇಲೆ ಜರ್ಮನಿಗೆ ದುಡಿಯಲು ಹೋದ ತುರ್ಕಿಯವರ ಸಂತತಿ ಅಲ್ಲಿ ನೆಲೆಸಿದೆ, ಅವರ ಅಂಗಡಿಗಳಲ್ಲಿ ಹಲಾಲ್ ಮಾಂಸ ಸಿಗುತ್ತದೆ. ಕಾಲೇಜಿನ ಊಟದ ಮನೆಯಲ್ಲಿ ಯಾವುದರಲ್ಲಿ ಹಂದಿಮಾಂಸವಿದೆ ಎಂದು ಗುರುತು ಹಾಕಿರುತ್ತಾರೆ. ಸಿಹಿತಿಂಡಿಯಲ್ಲಿ ಜೆಲಾಟಿನ್ ಇದೆಯೇ ಎಂದು ಮಾತ್ರ ತಾನೇ ಓದಿ ನೋಡಬೇಕಿತ್ತು. ತಲೆಯ ಸ್ಕಾರ್ಫ್ ಬಗ್ಗೆ ತರಗತಿಯಲ್ಲಿ ಯಾರೂ ಕೇಳಲಿಲ್ಲ. ಪಕ್ಕದ ಫ್ರಾನ್ಸಿನಲ್ಲಿ 2004ರ ಕಾನೂನು ಸರಕಾರಿ ಶಾಲೆಗಳಲ್ಲಿ ಅದನ್ನು ನಿಷೇಧಿಸಿದೆ, ಆದರೆ ವಿಶ್ವವಿದ್ಯಾಲಯಗಳಿಗೆ ಆ ಕಾನೂನು ಅನ್ವಯಿಸುವುದಿಲ್ಲ. ಯೂರೋಪ್ ಎಂದರೆ ಎಲ್ಲ ಕಡೆ ಒಂದೇ ನಿಯಮ ಎಂದುಕೊಳ್ಳಬಾರದು. ಹೋಗುವ ದೇಶದ್ದನ್ನೇ ವಿಚಾರಿಸಬೇಕು.

ನಮಾಝ್ ವಿಷಯದಲ್ಲಿ ಮಾತ್ರ ಅವಳಿಗೆ ಕಷ್ಟವಿತ್ತು. ಜೂನ್ ತಿಂಗಳಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತು ದಾಟಿದ ಮೇಲೆ. ಇಶಾ ಮುಗಿಸಿ ಮಲಗಿ ಕಣ್ಣು ಮುಚ್ಚುವಷ್ಟರಲ್ಲಿ ಫಜ್ರ್. ಇದನ್ನು ಅವಳು ದೂರಾಗಿ ಹೇಳಲಿಲ್ಲ, ಮಧ್ಯಾಹ್ನ ಒಂದು ಗಂಟೆ ಮಲಗುವ ಅಭ್ಯಾಸ ಮಾಡಿಕೊಂಡೆ ಎಂದಳು. ಈದ್ ದಿನ ಅವಳಿಂದ ಫೋನ್ ಬಂತು. ಜರ್ಮನಿಯಲ್ಲಿ ಅಂದು, ಮಾರ್ಚ್ 30ಕ್ಕೆ, ಈದ್. ಬೆಂಗಳೂರಿನಲ್ಲಿ ನಾವು ಇನ್ನೂ ಉಪವಾಸ. ಅದೇ ರಾತ್ರಿ ಅಲ್ಲಿ ಬೇಸಿಗೆಗೆಂದು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿದ್ದರು. “ಆಪಾ, ನಾನು ಉಪವಾಸ ಶುರು ಮಾಡಿದ್ದು ಅಲ್ಲಿ, ಈದ್ ಬಂದದ್ದು ಇಲ್ಲಿ. ದಿನ ಲೆಕ್ಕ ಹಾಕಿದರೆ ಇಪ್ಪತ್ತೆಂಟೇ ಆಯಿತು” ಎಂದಳು. “ಈದ್ ಅಲ್ಲಿನವರ ಜೊತೆಗೇ ಮಾಡು. ತಿಂಗಳು ಇಪ್ಪತ್ತೊಂಬತ್ತಕ್ಕೆ ಕಡಿಮೆ ಇರುವುದಿಲ್ಲ. ಕಡಿಮೆಯಾದ ಒಂದನ್ನು ಆಮೇಲೆ ಕಝಾ ಮಾಡಿಕೋ” ಎಂದೆ. ದೂರದೇಶದಲ್ಲಿದ್ದೂ ಅವಳು ಲೆಕ್ಕ ತಪ್ಪಿಸಲಿಲ್ಲವಲ್ಲ ಎಂದು ಮನಸ್ಸು ತುಂಬಿ ಬಂತು.

ಹಾಗಾದರೆ ಅವಳು ಅತ್ತದ್ದು ಯಾವುದಕ್ಕೆ? ಕೇಳಿದರೆ ನಿಮಗೆ ಆಶ್ಚರ್ಯವಾಗಬಹುದು. ಮನೆ ಸೇರಿದ ಎರಡು ವಾರದೊಳಗೆ ವಿಳಾಸವನ್ನು ನಗರದ ಕಚೇರಿಯಲ್ಲಿ ನೋಂದಾಯಿಸಬೇಕು, ಆರೋಗ್ಯ ವಿಮೆ ಮಾಡಿಸಬೇಕು, ಬ್ಯಾಂಕಿಗೆ ಹೋಗಬೇಕು. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಸಾಮಾನು ತರಬೇಕು. ಇಲ್ಲಿ ನಾಗಸಂದ್ರ ಮೆಟ್ರೋದವರೆಗೂ ಅಣ್ಣನೇ ಬಿಟ್ಟುಬರುತ್ತಿದ್ದ ಹುಡುಗಿ ಅವಳು. ಬ್ಯಾಂಕಿನ ಒಂದು ಚೀಟಿಯನ್ನೂ ತಾನಾಗಿ ತುಂಬಿದವಳಲ್ಲ. ಮೊದಲ ಹತ್ತು ದಿನ ರಾತ್ರಿ ಅತ್ತಳಂತೆ. ಅವಳ ಈಮಾನ್ ಅಲುಗಲಿಲ್ಲ, ಏಕೆಂದರೆ ಅದನ್ನು ಚಿಕ್ಕಂದಿನಿಂದ ಕಲಿಸಿದ್ದೆವು. ಸ್ವಂತ ಕೆಲಸ ಸ್ವಂತ ಮಾಡಿಕೊಳ್ಳುವುದನ್ನು ಯಾರೂ ಕಲಿಸಿರಲಿಲ್ಲ.

ಓದಿನಲ್ಲೂ ಹೊಸತಿತ್ತು. ಅಲ್ಲಿ 1.0 ಎಂದರೆ ಅತ್ಯುತ್ತಮ, 4.0 ಎಂದರೆ ಬರೀ ಪಾಸು, 5.0 ಎಂದರೆ ಫೇಲು. ಮಗಳಿಗೆ ಒಂದು ವಿಷಯದಲ್ಲಿ 1.7 ಬಂತೆಂದು ಕೇಳಿ ತಾಯಿ ಬೇಸರದಿಂದ ಕುಳಿತಿದ್ದರು, ಅದು ಒಳ್ಳೆಯ ಅಂಕವೆಂದು ತಿಳಿಸಿ ಹೇಳಬೇಕಾಯಿತು. ಯೂರೋಪಿನ ಲೆಕ್ಕದಲ್ಲಿ ಒಂದು ಸೆಮಿಸ್ಟರಿಗೆ 30 ಕ್ರೆಡಿಟ್. ಯಾವ ವಿಷಯ ಅಲ್ಲಿ ಓದಿದರೆ ಇಲ್ಲಿ ಯಾವುದಕ್ಕೆ ಸಮವೆಂದು ಮೊದಲೇ ಒಪ್ಪಂದದ ಪತ್ರ ಬರೆದು ಎರಡೂ ಕಾಲೇಜುಗಳು ಸಹಿ ಹಾಕುತ್ತವೆ. ಅಲ್ಲಿ ಹೋದ ಮೇಲೆ ವೇಳಾಪಟ್ಟಿ ಹೊಂದದೆ ಅವಳು ಒಂದು ವಿಷಯ ಬದಲಿಸಿದಳು, ಆದರೆ ಅದಕ್ಕೆ ಇಲ್ಲಿಂದ ಹೊಸ ಸಹಿ ತರಿಸಲಿಲ್ಲ. ಮರಳಿದ ಮೇಲೆ ಆ ಒಂದು ವಿಷಯ ಇಲ್ಲಿ ಲೆಕ್ಕಕ್ಕೆ ಬರಲಿಲ್ಲ, ಅದರ ಬದಲು ಇಲ್ಲಿನ ಪರೀಕ್ಷೆ ಬರೆಯಬೇಕಾಯಿತು. ಮಕ್ಕಳನ್ನು ಕಳಿಸುವವರು ಈ ಮಾತನ್ನು ಗಟ್ಟಿಯಾಗಿ ನೆನಪಿಡಿ: ಏನು ಬದಲಾದರೂ ಬರಹದಲ್ಲಿ ಒಪ್ಪಿಗೆ ಪಡೆಯಿರಿ.

ಆಗಸ್ಟ್‌ನಲ್ಲಿ ಅವಳು ಹಿಂತಿರುಗಿದಾಗ ನೋಡಲು ಬಂದ ಹೆಂಗಸರೆಲ್ಲ ಚಾಕಲೇಟು, ಫೋಟೋ ಕೇಳಿದರು. ಅವಳ ತಂದೆ ಕೇಳಿದ್ದು ಮೆಷಿನ್‌ಗಳ ಬಗ್ಗೆ. ಅಲ್ಲಿ ಒಂದು ಕಾರ್ಖಾನೆಯನ್ನು ನೋಡಲು ಕರೆದೊಯ್ದಿದ್ದರಂತೆ. ಅಪ್ಪ ಮಗಳು ಇಬ್ಬರೂ ಕಾಗದದ ಮೇಲೆ ಚಿತ್ರ ಬರೆಯುತ್ತ ರಾತ್ರಿ ಹನ್ನೊಂದರವರೆಗೆ ಕುಳಿತಿದ್ದರು. ಮೂವತ್ತು ವರ್ಷ ಲೇತ್ ಮೇಲೆ ದುಡಿದ ಆ ಮನುಷ್ಯನ ಕೆಲಸವನ್ನು ಮನೆಯಲ್ಲಿ ಯಾರಾದರೂ ಅಷ್ಟು ಹೊತ್ತು ಕೇಳಿದ್ದು ಅದೇ ಮೊದಲು ಎಂದು ತಾಯಿ ಹೇಳಿದರು.

ಎಲ್ಲ ಹೆಣ್ಣುಮಕ್ಕಳೂ ವಿದೇಶಕ್ಕೆ ಹೋಗಲೇಬೇಕೆಂದು ನಾನು ಹೇಳುವುದಿಲ್ಲ. ಆದರೆ ಮಗಳು ಎಲ್ಲಿಗೆ ಹೋದರೂ, ಮದುವೆಯಾಗಿ ಪಕ್ಕದ ಬೀದಿಗೇ ಹೋದರೂ, ಕಚೇರಿ, ಬ್ಯಾಂಕು, ಆಸ್ಪತ್ರೆಯ ಕೆಲಸ ಅವಳಿಗೆ ಬರಬೇಕು. ಅದಕ್ಕೆ ವೀಸಾ ಬೇಕಿಲ್ಲ. ಮುಂದಿನ ಸಲ ಮನೆಯ ಕರೆಂಟ್ ಬಿಲ್ಲೋ ಪಡಿತರ ಚೀಟಿಯ ಕೆಲಸವೋ ಬಂದಾಗ ಮಗನನ್ನು ಕೂಗುವ ಬದಲು ಮಗಳ ಕೈಗೆ ಕಾಗದ ಕೊಟ್ಟು ಕಳಿಸಿ. ಬೇಕಿದ್ದರೆ ಮೊದಲ ದಿನ ನೀವೂ ಜೊತೆಗೆ ಹೋಗಿ, ಆದರೆ ಕೌಂಟರಿನ ಮುಂದೆ ಮಾತಾಡಲು ಅವಳನ್ನೇ ಬಿಡಿ.