ಚಿತ್ರದ ಅಂಚಿನ ರುಜು

ಸಂಗ್ರಹವೆಂಬುದು ಮನುಷ್ಯನ ಹಳೆಯ ವ್ಯಸನಗಳಲ್ಲೊಂದು. ಒಬ್ಬನು ನಾಣ್ಯಗಳನ್ನು ಕೂಡಿಡುವನು. ಮತ್ತೊಬ್ಬನು ತಾಳೆಯೋಲೆಗಳನ್ನರಸಿ ಅಲೆಯುವನು. ಇಂಗ್ಲೆಂಡ್, ಅಮೆರಿಕಾ ದೇಶಗಳಲ್ಲಿ ಎರಡನೆಯ ಮಹಾಯುದ್ಧದ ವಿಮಾನಗಳ ಚಿತ್ರಗಳನ್ನು, ಅದರಲ್ಲಿಯೂ ಆ ಯುದ್ಧದಲ್ಲಿ ಹಾರಿದವರ ರುಜುವುಳ್ಳ ಪ್ರತಿಗಳನ್ನು, ಸಂಗ್ರಹಿಸುವವರ ಒಂದು ವರ್ಗವೇ ಉಂಟು. ಮೇಲುನೋಟಕ್ಕೆ ಇದು ಉಳ್ಳವರ ವಿನೋದವೆಂದು ತೋರೀತು. ವಿಚಾರಿಸಿದರೆ, ಸ್ಮರಣೆಯನ್ನು ಕುರಿತ ಗಹನವಾದ ಪ್ರಶ್ನೆಯೊಂದು ಇದರಲ್ಲಿ ಅಡಗಿರುವುದು ಕಾಣುತ್ತದೆ.

ಚಿತ್ರಕಾರನು ಮೊದಲು ಮೂಲಚಿತ್ರವನ್ನು ಬಣ್ಣಗಳಿಂದ ಬರೆಯುತ್ತಾನೆ. ಬಳಿಕ ಪ್ರಕಾಶಕರು ಅದನ್ನು ದಪ್ಪ ಕಾಗದದ ಮೇಲೆ ಅಚ್ಚುಮಾಡಿಸಿ, ಗೊತ್ತುಪಡಿಸಿದ ಸಂಖ್ಯೆಗೆ ಮೀರಿ ಪ್ರತಿಗಳನ್ನು ತೆಗೆಯುವುದಿಲ್ಲವೆಂದು ಮಾತುಕೊಡುತ್ತಾರೆ. ಕೆಳಗಣ ಬಿಳಿಯ ಅಂಚಿನಲ್ಲಿ ಸೀಸದಕಡ್ಡಿಯಿಂದ 325/1000 ಎಂದು ಬರೆದಿದ್ದರೆ, ಸಾವಿರ ಪ್ರತಿಗಳಲ್ಲಿ ಅದು 325ನೆಯದೆಂದು ಅರ್ಥ. ತಾಮ್ರದ ತಗಡಿನಿಂದ ಅಚ್ಚು ತೆಗೆಯುತ್ತಿದ್ದ ಕಾಲದಲ್ಲಿ ತಗಡು ಸವೆಯುತ್ತಿದ್ದುದರಿಂದ ಮೊದಮೊದಲ ಪ್ರತಿಗಳೇ ಹೆಚ್ಚು ಸ್ಫುಟವಾಗಿರುತ್ತಿದ್ದುವು. ಆಫ್‌ಸೆಟ್ ಮುದ್ರಣದಲ್ಲಿ ಆ ಭೇದವಿಲ್ಲ. ಆದರೂ ಚಿಕ್ಕ ಅಂಕೆಯ ಮೇಲಿನ ಮೋಹ ಉಳಿದುಕೊಂಡಿದೆ. ಅಂಕೆಯ ಸಾಲಿನಲ್ಲಿಯೇ ಚಿತ್ರಕಾರನ ರುಜು, ವೈಮಾನಿಕರ ರುಜುಗಳು ಇರುತ್ತವೆ.

ಬಾತ್ ನಗರದಲ್ಲಿ 1946ರಲ್ಲಿ ಹುಟ್ಟಿದ ರಾಬರ್ಟ್ ಟೇಲರ್ ಈ ಕಲೆಯಲ್ಲಿ ಪ್ರಸಿದ್ಧನಾದವನು. ಅವನ ‘ಸ್ಪಿಟ್‌ಫೈರ್’ ಎಂಬ ಚಿತ್ರದ ಪ್ರತಿಗಳಿಗೆ ಡಗ್ಲಸ್ ಬಾಡರ್, ಜಾನಿ ಜಾನ್ಸನ್ ಎಂಬ ವೀರರಿಬ್ಬರು ರುಜುಹಾಕಿದರು. ಬಾಡರನು 1931ರಲ್ಲಿ ವಿಮಾನಾಪಘಾತದಿಂದ ಎರಡು ಕಾಲುಗಳನ್ನೂ ಕಳೆದುಕೊಂಡು, ಕೃತಕವಾದ ಕಾಲುಗಳಿಂದಲೇ ಯುದ್ಧದಲ್ಲಿ ಹಾರಿದವನು. 1941ರ ಆಗಸ್ಟ್ 9ರಂದು ಫ್ರಾನ್ಸಿನಲ್ಲಿ ಶತ್ರುಗಳ ಕೈಗೆ ಸಿಕ್ಕಿದಾಗ ಅವನ ಒಂದು ಕಾಲು ಬೀಳುತ್ತಿದ್ದ ವಿಮಾನದಲ್ಲಿಯೇ ಉಳಿದುಹೋಗಿತ್ತು. ಜರ್ಮನರು ಸಮ್ಮತಿಸಲು, ಬ್ರಿಟಿಷ್ ವಿಮಾನವೊಂದು ಬೇರೊಂದು ಕಾಲನ್ನು ಆಕಾಶದಿಂದ ಇಳಿಸಿತು. ಆಗ ಅವನನ್ನು ಅತಿಥಿಯಂತೆ ಉಪಚರಿಸಿದ ಜರ್ಮನ್ ವೈಮಾನಿಕ ಅಡಾಲ್ಫ್ ಗಾಲಾಂಡ್ ಯುದ್ಧಾನಂತರ ಅವನಿಗೆ ಮಿತ್ರನಾದನು. ಗಾಲಾಂಡನ ರುಜುವೂ ಅವನೊಡನೆ ಕಾದಿದ ಬ್ರಿಟಿಷರ ರುಜುಗಳೂ ಒಂದೇ ಅಂಚಿನಲ್ಲಿ ಕೂಡಿಬಂದ ಪ್ರತಿಗಳುಂಟು. ವೈರವು ಮರಣಪರ್ಯಂತ ಇರಬೇಕಾದುದಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಆದರೆ ಇದಕ್ಕೆ ಮತ್ತೊಂದು ಮುಖವುಂಟು. ಬಾಡರನು 1982ರಲ್ಲಿ, ಗಾಲಾಂಡನು 1996ರಲ್ಲಿ, ಜಾನ್ಸನನು 2001ರಲ್ಲಿ ತೀರಿಕೊಂಡರು. 1940ರ ಬ್ರಿಟನ್ ಕಾಳಗದಲ್ಲಿ ಹಾರಿದವರಲ್ಲಿ ಕೊನೆಯವನಾದ ಜಾನ್ ಹೆಮಿಂಗ್‌ವೇ 2025ರ ಮಾರ್ಚ್ 17ರಂದು, 105ನೆಯ ವಯಸ್ಸಿನಲ್ಲಿ ಕಣ್ಮುಚ್ಚಿದನು. ಇನ್ನು ಆ ಕಾಳಗದ ಬ್ರಿಟಿಷ್ ಪಕ್ಷದ ರುಜು ಹೊಸದಾಗಿ ದೊರೆಯದು. ರುಜುಹಾಕಿದವನು ಕಾಲವಾದನೆಂದರೆ ವ್ಯಾಪಾರಿಗಳು ಬೆಲೆಯೇರಿಸುವುದುಂಟು. ಒಬ್ಬನ ಮರಣವಾರ್ತೆ ಮತ್ತೊಬ್ಬನಿಗೆ ಲಾಭದ ಲೆಕ್ಕವಾಗುವುದು ನೋಡಲು ಹಿತವಾದ ಸಂಗತಿಯಲ್ಲ.

ಅದಕ್ಕಿಂತಲೂ ಆಳವಾದ ಮಾತೊಂದಿದೆ. ಆ ಕಾಳಗದಲ್ಲಿ ಬ್ರಿಟನ್ನಿನ ಕಡೆ ಹಾರಿದ ಸುಮಾರು 2,900 ಮಂದಿಯಲ್ಲಿ 544 ಮಂದಿ ಅದರಲ್ಲಿಯೇ ಮಡಿದರು. ಅವರಲ್ಲೊಬ್ಬನ ರುಜುವೂ ಈ ಚಿತ್ರಗಳಲ್ಲಿಲ್ಲ. ಇರಲು ಸಾಧ್ಯವೂ ಇಲ್ಲ. ಕನ್ನಡನಾಡಿನ ವೀರಗಲ್ಲಿನಲ್ಲಿ ಮೂರ್ತಿಗೊಳ್ಳುವವನು ಮಡಿದವನು: ಕೆಳಗೆ ಕಾದಾಟ, ನಡುವೆ ಅಪ್ಸರೆಯರು, ಮೇಲೆ ದೇವಸನ್ನಿಧಿ. ಚಿತ್ರದ ಅಂಚಾದರೋ ಬದುಕಿ ಬಂದವರದು. ಆದುದರಿಂದ ರುಜುಗಳನ್ನು ಎಣಿಸುವವನು ಅವುಗಳ ನಡುವಣ ಬಿಳಿಯ ತೆರಪನ್ನೂ ಓದಲು ಕಲಿಯಬೇಕು.

ತಿಳಿದ ಸಂಗ್ರಾಹಕರು ಚಿತ್ರವನ್ನು ಬಿಸಿಲು ಬೀಳದ ಗೋಡೆಗೆ ತೂಗುಹಾಕುತ್ತಾರೆ. ಬೆಳಕಿಗೆ ಅಚ್ಚಿನ ಬಣ್ಣ ಮಾಸುತ್ತದೆ. ಸೀಸದಕಡ್ಡಿಯ ಬರಹ ಮಾತ್ರ ಬೆಳಕಿಗೆ ಮಾಸುವುದಿಲ್ಲ. ಕ್ಷಯವಿಲ್ಲದುದೇ ಅಕ್ಷರವೆಂದು ಹಿರಿಯರು ಹೇಳಿದುದು ಇಲ್ಲಿ ಒಂದು ಬಗೆಯಲ್ಲಿ ನಿಜವಾಗಿದೆ. ಆದರೆ ಹೆಸರನ್ನು ಉಳಿಸುವುದಷ್ಟೇ ಅಕ್ಷರದ ಕೆಲಸ. ಮನೆಯ ಮಗುವೊಂದು ಆ ಹೆಸರು ಯಾರದೆಂದು ಕೇಳಿದಾಗ, ರುಜುಹಾಕಿದವನ ಕಥೆಯೊಡನೆ, ರುಜುಹಾಕಲು ಹಿಂದಿರುಗದ ಅವನ ಜೊತೆಗಾರನ ಕಥೆಯನ್ನೂ ಹೇಳಬಲ್ಲವನೇ ಆ ಚಿತ್ರಕ್ಕೆ ಯೋಗ್ಯನಾದ ಒಡೆಯನು.